ಕೊಳಗ ಯಾರ ಕೈಯಲ್ಲಿರಬೇಕು?

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ಪ್ರಶ್ನೆಯ ಮೇಲೆ. ಗೇಣಿಯ ಭತ್ತ ಅಳೆಯುವ ಕೊಳಗ ಒಡೆಯರ ಮನೆಯದು. ಅದರ ಗಾತ್ರ ಅವರು ಹೇಳಿದಷ್ಟು. ಅಳತೆ ನ್ಯಾಯವಾಗಿರಲಿ ಎಂದು ಕೇಳಿದವರು ಸೆರೆಮನೆ ಕಂಡರು. ಅದೇ ಪ್ರಶ್ನೆಯನ್ನು ಚಳ್ಳಕೆರೆಯ ಮಂಡಿ, ಅಂಗಡಿ, ಎಣ್ಣೆ ಗಿರಣಿಗಳಲ್ಲಿ ನಾವು ಇಂದು ಮತ್ತೆ ಎತ್ತಬೇಕಾಗಿದೆ. ಇಂದಿನ ಕೊಳಗ ಮೇಜಿನ ಮೇಲೆ ಕೂತಿದೆ. ಅದರ ಹೆಸರು ಕಂಪ್ಯೂಟರು.

ಶೇಂಗಾ ಮೂಟೆಯ ಲೆಕ್ಕ, ವಾರದ ಬಟವಾಡೆ, ಗಿರಾಕಿಯ ಬಾಕಿ ಎಲ್ಲವೂ ಈಗ ತಂತ್ರಾಂಶ ಹೇಳಿದ ಮಾತು. ಅದರ ಹೊಟ್ಟೆಯೊಳಗೆ ಏನಿದೆಯೆಂದು ಅಂಗಡಿಯವನಿಗೂ ತಿಳಿಯದು, ಕೂಲಿಯವನಿಗೂ ತಿಳಿಯದು. ಎಷ್ಟೋ ತಂತ್ರಾಂಶಗಳಿಗೆ ವರ್ಷ ವರ್ಷವೂ ಬಾಡಿಗೆ ತೆರಬೇಕು. ಹೊಸದು ಬಂತೆಂದರೆ ಹಳೆಯ ಯಂತ್ರ ಗುಜರಿಗೆ. ಗಿರಣಿಯ ಎಕ್ಸ್‌ಪೆಲ್ಲರ್ ಕೆಟ್ಟರೆ ನಮ್ಮ ಫಿಟ್ಟರ್ ಬಿಚ್ಚಿ ನೋಡುತ್ತಾನೆ. ಮುಚ್ಚಳಕ್ಕೆ ಬೆಸುಗೆ ಹಾಕಿದ ಯಂತ್ರವನ್ನು ಯಾವ ಗಿರಣಿಯೂ ಕೊಳ್ಳದು. ಲೆಕ್ಕದ ಯಂತ್ರವನ್ನು ಮಾತ್ರ ಹಾಗೆಯೇ ಕೊಳ್ಳುತ್ತಿದ್ದೇವೆ!

ಬೇರೆ ದಾರಿ ಇದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನು ಯೋಜನೆಯನ್ನು ಸಾರಿದರು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಹೊರತಂದರು. ಇಂಥ ತಂತ್ರಾಂಶದ ಮೂಲಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಟರ್ಮಿನಲ್ ಎಂಬ ಬರಿ ಅಕ್ಷರಗಳ ಪರದೆಯಲ್ಲಿ, ಮೌಸ್ ಮುಟ್ಟದೆ, ಕೀಲಿಮಣೆಯಿಂದಲೇ ನಡೆಯುವ ಎಚ್‌ಲೆಡ್ಜರ್ ಎಂಬ ಲೆಕ್ಕದ ತಂತ್ರಾಂಶವೂ ಈ ಕುಲದ್ದೇ. ಲೆಕ್ಕವೆಲ್ಲ ಸಾದಾ ಅಕ್ಷರದ ಕಡತದಲ್ಲಿರುತ್ತದೆ; ತಂತ್ರಾಂಶ ಬಿಟ್ಟರೂ ಲೆಕ್ಕ ನಮ್ಮಲ್ಲೇ ಉಳಿಯುತ್ತದೆ. ಹಳೆಯ ಯಂತ್ರವೂ ಇದಕ್ಕೆ ಸಾಕು.

"ಅದು ವಿಜ್ಞಾನಿಗಳ ಕರಿ ಪರದೆ, ನಮಗೇಕೆ?" ಎನ್ನುವವರು ಕುದಾಪುರದ ಕಡೆ ನೋಡಲಿ. ನಮ್ಮ ದನಕುರಿ ಮೇಯುತ್ತಿದ್ದ ಅಮೃತ್ ಮಹಲ್ ಕಾವಲಿನಲ್ಲಿ ಸುಮಾರು 1500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ಅದೇ ಸಂಸ್ಥೆ 2022ರಲ್ಲಿ ಬೆಂಗಳೂರಿನಲ್ಲಿ ಪರಮ್ ಪ್ರವೇಗ ಎಂಬ ಮಹಾಗಣಕವನ್ನು ಸ್ಥಾಪಿಸಿತು. ಅದು ನಡೆಯುವುದು ಲಿನಕ್ಸ್ ಮೇಲೆ. ಅದಕ್ಕೆ ಕೆಲಸ ಒಪ್ಪಿಸುವುದು ಟರ್ಮಿನಲ್‌ನಲ್ಲಿ ಆಜ್ಞೆ ಬರೆದು. 2017ರ ನವೆಂಬರಿನಿಂದ ಜಗತ್ತಿನ ಮೊದಲ 500 ಮಹಾಗಣಕಗಳೆಲ್ಲವೂ ಲಿನಕ್ಸಿನವೇ. ದೊಡ್ಡವರಿಗೆ ತೆರೆದ ಕೊಳಗ, ನಮಗೆ ಮುಚ್ಚಿದ ಕೊಳಗ! ಇದು ಯಾವ ನ್ಯಾಯ?

ಟರ್ಮಿನಲ್ ಎಂದರೆ ಕುರೂಪ ಎಂಬುದೂ ಸುಳ್ಳು. ಬಣ್ಣ, ಚೌಕಟ್ಟು, ಕೋಷ್ಟಕ, ಪಟ್ಟಿ ಎಲ್ಲವನ್ನೂ ಅಕ್ಷರಗಳಿಂದಲೇ ಅಂದವಾಗಿ ಕಟ್ಟುವ ಟೆಕ್ಸ್ಚುವಲ್‌ನಂಥ ಮುಕ್ತ ಸಲಕರಣೆಗಳಿವೆ. ಬಡವನ ಸಲಕರಣೆ ಅಂದಗೆಟ್ಟಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕಷ್ಟವೆಂಬ ಮಾತಂತೂ ನಮ್ಮ ಗುಮಾಸ್ತರ ಮುಂದೆ ನಡೆಯದು. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿಯನ್ನು ಕೀಲಿಮಣೆಯಿಂದಲೇ ಓಡಿಸಿದ ಕೈಗಳು ಅವು. ಆ ಬೆರಳುಗಳಿಗೆ ಕೆಲಸ ಗೊತ್ತು. ಒಡೆತನ ಮಾತ್ರ ಇಲ್ಲ.

ಕೊರತೆಗಳನ್ನು ನಾವು ಮುಚ್ಚಿಡುವುದಿಲ್ಲ. ಜಿಎಸ್‌ಟಿ ಲೆಕ್ಕಕ್ಕೆ ಇವು ಇನ್ನೂ ಸಿದ್ಧವಿಲ್ಲ. ನಾಳೆಯೇ ಹಳೆಯದನ್ನು ಬಿಸಾಡಿ ಎಂದು ನಾವು ಹೇಳುತ್ತಿಲ್ಲ. ಕನ್ನಡದ ಕಷ್ಟ ಇನ್ನೂ ದೊಡ್ಡದು. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ ಕೊಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಹೊಲಿದ ಆ ಅಂಗಿಯಲ್ಲಿ ನಮ್ಮ ಒತ್ತಕ್ಷರ ಹಿಡಿಯದೆ ಸಾಲು ಒಡೆಯುತ್ತದೆ. ಆದರೆ ಮೂಲಬರಹ ತೆರೆದಿರುವುದರಿಂದಲೇ ಇದನ್ನು ನಾವು ತಿದ್ದಬಹುದು; ಯಾವ ಕಂಪನಿಯ ಅಪ್ಪಣೆಗೂ ಕಾಯಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಇಡೀ ನಾಡಿನ ಕನ್ನಡ ಬರವಣಿಗೆಗೆ ಆಧಾರವಾಗಲಿಲ್ಲವೆ?

ಆದ್ದರಿಂದ ನಮ್ಮ ಬೇಡಿಕೆ ಎರಡು. ಕುದಾಪುರದ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ, ಸಂತೋಷ. ಚಳ್ಳಕೆರೆ, ಮೊಳಕಾಲ್ಮೂರಿನ ಹುಡುಗ ಹುಡುಗಿಯರಿಗೂ ಅಲ್ಲಿ ಮುಕ್ತ ತಂತ್ರಾಂಶ ಕಟ್ಟುವ ಕೆಲಸ ಕಲಿಸಲಿ. ಅದು ದಾನವಲ್ಲ, ಕಾವಲು ಕೊಟ್ಟವರ ಹಕ್ಕು. ಎರಡನೆಯದು ನಮಗೆ ನಾವೇ ಮಾಡಿಕೊಳ್ಳುವ ಬೇಡಿಕೆ: ವರ್ತಕರೂ ಗಿರಣಿ ಕೆಲಸಗಾರರೂ ಸೇರಿ, ಬಾಡಿಗೆಗೆ ಹೋಗುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಆ ಮಕ್ಕಳಿಗೆ ಕೂಲಿ ಕೊಟ್ಟು ನಮ್ಮ ಮಂಡಿಯ ಲೆಕ್ಕವನ್ನು ಕನ್ನಡದಲ್ಲಿ ಬರೆಸೋಣ.

ಉಳುವವನೇ ಹೊಲದೊಡೆಯ ಎಂದೆವು. ಅಳೆಸಿಕೊಳ್ಳುವವನೂ ಕೊಳಗದೊಳಗೆ ಕೈಹಾಕಿ ನೋಡುವಂತಾಗಲಿ.