ಎದುರಾಳಿಯ ವೇಷ ಯಾರು ಹಾಕಬೇಕು?

ಯುದ್ಧದ ಇತಿಹಾಸವನ್ನು ಊರಿನ ಹುಡುಗರು ಆಟವಾಗಿ ಆಡುವುದು ಒಳ್ಳೆಯದೇ? ಬಳ್ಳಾರಿ ಸೀಮೆಯಂಥ ರಂಗಭೂಮಿಯ ನೆಲದಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೌದು ಎನ್ನುವವರ ಮಾತಿಗೂ ಬೇಡ ಎನ್ನುವವರ ಮಾತಿಗೂ ತೂಕವಿದೆ.

ಹೌದು ಎನ್ನುವವರು ಮೊದಲು ತೋರಿಸುವುದು ತಾಲೀಮನ್ನು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಆಟ ಆಡಬೇಕೆಂದರೆ ಮನೆಮನೆಗೆ ಹೋಗಿ ಪಟ್ಟಿ ಎತ್ತಬೇಕು, ಹಾರ್ಮೋನಿಯಂ ಮಾಸ್ತರರನ್ನು ಕರೆಸಬೇಕು, ಸೀನರಿ ಬಾಡಿಗೆಗೆ ತರಬೇಕು. ಹಗಲೆಲ್ಲ ಭತ್ತದ ಗದ್ದೆಯಲ್ಲಿ ದುಡಿದ ಹುಡುಗ ರಾತ್ರಿ ಪುಟಗಟ್ಟಲೆ ಮಾತು ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಗೆ ಓದಿದ ಇಸವಿ ಮರೆತೇಹೋಗುತ್ತದೆ, ಪಾತ್ರಕ್ಕೆ ಕಲಿತ ಮಾತು ಮುಪ್ಪಿನವರೆಗೂ ನಾಲಿಗೆ ಮೇಲಿರುತ್ತದೆ. 1327ರ ಸುಮಾರಿಗೆ ದೆಹಲಿ ಸುಲ್ತಾನನ ಸೈನ್ಯದ ಎದುರು ಮಡಿದ ಕಂಪಿಲಿಯ ಕುಮಾರರಾಮ ಇವತ್ತಿಗೂ ಈ ಭಾಗದ ಮನೆಮಾತಾಗಿರುವುದು ಹಾಡು, ಆಟ, ಪೂಜೆಗಳಿಂದ. ಹೊಯ್ಸಳರ ಇಮ್ಮಡಿ ಬಲ್ಲಾಳ ಸಿಂದರ ಕುರುಗೋಡನ್ನು ಗೆದ್ದದ್ದಾದರೋ ಶಾಸನ ಓದುವವರಿಗಷ್ಟೇ ಗೊತ್ತು.

ಬೇಡ ಎನ್ನುವವರ ಆತಂಕವೂ ಸುಳ್ಳಲ್ಲ. ರಂಗಕ್ಕೆ ಒಬ್ಬ ವೀರ ಬೇಕು, ಒಬ್ಬ ಖಳ ಬೇಕು. 1565ರ ಜನವರಿಯ ರಕ್ಕಸ-ತಂಗಡಿ ಕಾಳಗವನ್ನೇ ನೋಡಿ. ವಿಜಯನಗರದ ಆಡಳಿತ ಕೈಯಲ್ಲಿದ್ದ ರಾಮರಾಯ ವರ್ಷಗಟ್ಟಲೆ ದಖನಿನ ಸುಲ್ತಾನರ ಜಗಳಗಳಲ್ಲಿ ಕೈಹಾಕಿದ್ದ, ಒಬ್ಬರ ಜೊತೆ ಸೇರಿ ಇನ್ನೊಬ್ಬರ ಮೇಲೆ ದಂಡೆತ್ತಿ ಹೋಗಿದ್ದ. ಅವನ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು. ಇಷ್ಟು ಸಿಕ್ಕುಗಳನ್ನು ಒಂದು ರಾತ್ರಿಯ ಆಟದಲ್ಲಿ ಬಿಡಿಸುವುದು ಕಷ್ಟ, ಎರಡು ಧರ್ಮಗಳ ಹೊಡೆದಾಟವೆಂದು ತೋರಿಸಿಬಿಡುವುದು ಸುಲಭ. ಅಂಥ ಆಟ ನೋಡಿ ಎದ್ದವನಿಗೆ ಮರುದಿನ ಚಹದಂಗಡಿಯಲ್ಲಿ ಪಕ್ಕ ಕೂತ ಗೆಳೆಯನೇ ಹಳೆಯ ವೈರಿಯ ಕಡೆಯವನಾಗಿ ಕಂಡರೆ ಹೊಣೆ ಯಾರು? ಇನ್ನೊಂದು ಮಾತು: ಕತ್ತಿ ಝಳಪಿಸಿದರೆ ಸಿಳ್ಳೆ ಬೀಳುತ್ತದೆ. ಗಂಡನನ್ನು ಕಳಕೊಂಡವಳಿಗೆ, ಬೆಳೆ ಸುಟ್ಟುಹೋದ ರೈತನಿಗೆ ಪಾತ್ರವೇ ಇರುವುದಿಲ್ಲ.

ಈ ಆತಂಕಕ್ಕೆ ಬಳ್ಳಾರಿಯ ರಂಗಭೂಮಿಯಲ್ಲೇ ಒಂದು ಉತ್ತರವಿದೆ. ಇಲ್ಲಿನ ವಕೀಲ ಕೋಲಾಚಲಂ ಶ್ರೀನಿವಾಸರಾವ್ ವಿಜಯನಗರದ ಪತನವನ್ನು 'ರಾಮರಾಜು ಚರಿತ್ರ' ಎಂದು ತೆಲುಗಿನಲ್ಲಿ ನಾಟಕವಾಗಿಸಿದರು. ಅದರಲ್ಲಿ ಬಳ್ಳಾರಿ ರಾಘವರು ಹೆಸರಾದದ್ದು ಪಠಾಣ ರುಸ್ತುಮನ ಪಾತ್ರದಿಂದ. ಹಂಪಿಯ ನೆರೆಯಲ್ಲೇ, ಹಂಪಿ ಹಾಳಾದ ಕಥೆಯಲ್ಲಿ, ಊರಿನ ಅತಿದೊಡ್ಡ ನಟ ಪಠಾಣನ ವೇಷ ಹಾಕಿದ್ದ. ಎದುರಾಳಿಗೂ ತನ್ನ ಮಾತು ಸಿಗಬೇಕೆಂದು ಬಯಲಾಟದ ಕಟ್ಟಳೆಯೂ ಹೇಳುತ್ತದೆ. ಅಟ್ಟದ ಮೇಲೆ ಯಾರೇ ಬರಲಿ, ರಾಜನಿರಲಿ ರಕ್ಕಸನಿರಲಿ, ಸಾರಥಿ ತಡೆದು ವಿಚಾರಿಸುತ್ತಾನೆ. ಬಂದವನು ತನ್ನ ಹೆಸರು, ಕುಲ, ಬಂದ ಕಾರಣವನ್ನು ತನ್ನ ಬಾಯಿಂದಲೇ ಹೇಳಬೇಕು. ಅವನ ಪರವಾಗಿ ಇನ್ನೊಬ್ಬರು ಹೇಳಿ ಮುಗಿಸುವಂತಿಲ್ಲ.

ವೀರನೇ ಇಲ್ಲದ ಯುದ್ಧಕಥೆಯೂ ಬಳ್ಳಾರಿಯಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇಲ್ಲಿನ ಶಿಬಿರದಲ್ಲಿಟ್ಟಿದ್ದರು. 1917ರಲ್ಲಿ ರೆಡ್‌ಕ್ರಾಸ್ ಪ್ರತಿನಿಧಿಗಳು ಬಂದು ನೋಡಿ ಹೋದರು. ಸಾವಿರಾರು ಮೈಲಿ ಆಚೆಯ ಸಿಪಾಯಿ ಬಳ್ಳಾರಿಯ ಬಿಸಿಲಲ್ಲಿ ಊರಿನ ಕಾಗದಕ್ಕೆ ಕಾಯುವ ನಾಟಕವನ್ನು ಕಾಲೇಜು ಹುಡುಗ ಹುಡುಗಿಯರು ಕಟ್ಟಿದರೆ ಅಲ್ಲಿ ಕತ್ತಿಯೂ ಬೇಕಿಲ್ಲ, ಖಳನೂ ಬೇಕಿಲ್ಲ.

ಹಾಗಾಗಿ ಆಡಲಿ ಎನ್ನುವುದೇ ನನ್ನ ಪಕ್ಷ, ಎರಡು ಷರತ್ತಿನ ಮೇಲೆ. ಎದುರಾಳಿಯ ಪಾತ್ರ ತಂಡದ ಒಳ್ಳೆಯ ನಟನಿಗೆ ಸಿಗಲಿ, ಅವನಿಗೆ ಹೇಳಿಕೊಳ್ಳಲು ನಿಜವಾದ ಕಾರಣವಿರಲಿ. ಊರಿನಲ್ಲಿ ಮನಸ್ಸು ಮುರಿದಿರುವ ವರ್ಷ ಅಂಥ ಆಟವನ್ನು ಮುಂದೂಡುವ ವಿವೇಕವೂ ಇರಲಿ. ಆಟ ನಿಲ್ಲಿಸಿದ ಮಾತ್ರಕ್ಕೆ ಯುದ್ಧದ ಕಥೆಗಳೇನೂ ನಿಲ್ಲುವುದಿಲ್ಲ, ಮೊಬೈಲಿನಲ್ಲಿ ತುಂಡುತುಂಡಾಗಿ ಹುಡುಗರನ್ನು ತಲುಪುತ್ತಲೇ ಇರುತ್ತವೆ. ಅಲ್ಲಿ ಹೇಳಿದವನು ಯಾರೆಂದೇ ತಿಳಿಯುವುದಿಲ್ಲ. ಊರ ಆಟದಲ್ಲಿ ತಪ್ಪು ಆಡಿದರೆ ಮುಂದೆ ಕೂತ ಹಿರಿಯರು, ಎಲ್ಲ ಓಣಿಯವರು, ಮರುದಿನವೇ ಹುಡುಗನನ್ನು ನಿಲ್ಲಿಸಿ ಕೇಳಬಹುದು, ಅವನು ಉತ್ತರ ಕೊಡಲೇಬೇಕು.