ಮರೆತುಹೋದ ಎಣ್ಣೆಯ ಲೆಕ್ಕ



ಬೇಸಾಯಶಾಸ್ತ್ರ ಓದಿದವನು ಮೋಟಾರ್ ಸೈಕಲ್ಲಿನ ವಿಷಯ ಬರೆಯಲು ಹೊರಟಿದ್ದಾನಲ್ಲ ಎಂದು ತಮಗೆ ಆಶ್ಚರ್ಯವಾಗಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳಲ್ಕೆರೆಯ ಅಡಿಕೆ ತೋಟಗಳಿಗಾಗಲಿ, ಹೊಸದುರ್ಗದ ತೆಂಗಿನ ತೋಟಗಳಿಗಾಗಲಿ ಹೋದಾಗ, ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಕಳೆ ಕತ್ತರಿಸುವ ಯಂತ್ರವೊಂದು ಗೋಡೆಗೆ ಒರಗಿ ಧೂಳು ಹಿಡಿದು ನಿಂತಿರುವುದನ್ನು ಈಚೆಗೆ ಮೇಲಿಂದ ಮೇಲೆ ಕಾಣುತ್ತಿದ್ದೇನೆ. ಏನಾಯಿತೆಂದು ಕೇಳಿದರೆ, "ಸೀಜ್ ಆಗೈತೆ ಸಾರ್" ಎಂಬ ಒಂದೇ ಉತ್ತರ. ಕೊಂಡು ಎರಡು ಮುಂಗಾರು ಸಹ ಕಳೆದಿರುವುದಿಲ್ಲ. ಹತ್ತು ಹದಿನೈದು ಸಾವಿರ ರೂಪಾಯಿಯ ಯಂತ್ರ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ತೋಟದ ಯಜಮಾನರು ಮತ್ತೆ ಕಳೆನಾಶಕದ ಡಬ್ಬಿಗೆ ಕೈಹಾಕುತ್ತಾರೆ. ಹೀಗೇಕಾಗುತ್ತದೆ ಎಂಬುದು ನನಗೆ ಚೆನ್ನಾಗಿ ಮನವರಿಕೆಯಾದದ್ದು ನನ್ನ ದೊಡ್ಡಪ್ಪನ ಹಳೆಯ ಯೆಜ್ಡಿ ಗಾಡಿಯ ಎಂಜಿನ್ನನ್ನು ಬಿಚ್ಚಿಸಿ ಮತ್ತೆ ನಡೆಯುವಂತೆ ಮಾಡಿದಾಗ.

ಯೆಜ್ಡಿಯನ್ನು ಕಾಣದ ಕಿರಿಯರಿಗಾಗಿ ಎರಡು ಮಾತು. ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ಲನ್ನು ತಯಾರಿಸತೊಡಗಿತು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಮಾರುಕಟ್ಟೆಗೆ ಬಂದಿವೆಯಾದರೂ ಅವುಗಳ ಎಂಜಿನ್ನೇ ಬೇರೆ. ಹಳೆಯದು ಒಂದೇ ಸಿಲಿಂಡರಿನ, ಎರಡು ಸೈಲೆನ್ಸರಿನ, ಸುಮಾರು 250 ಸಿ.ಸಿ.ಯ ಟೂ ಸ್ಟ್ರೋಕ್ ಎಂಜಿನ್. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಿನ ಕಡ್ಡಿ. ದೊಡ್ಡಪ್ಪ ಅದರ ಹಿಂದೆ ಬಿತ್ತನೆ ಶೇಂಗಾದ ಚೀಲ, ಗೊಬ್ಬರದ ಚೀಲ, ಒಂದು ಜಾತ್ರೆಯಲ್ಲಿ ಕೊಂಡ ಹೋತವನ್ನು ಸಹ ಕಟ್ಟಿಕೊಂಡು ಬಂದದ್ದುಂಟು.

1998ರಿಂದ ಆ ಗಾಡಿ ಹೊಳಲ್ಕೆರೆ ಸಮೀಪದ ನಮ್ಮ ಊರಿನ ಕೊಟ್ಟಿಗೆಯಲ್ಲಿ ಅಡಿಕೆ ಸಿಪ್ಪೆಯ ಚೀಲಗಳ ಹಿಂದೆ ನಿಂತಿತ್ತು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಹರಿದದ್ದು 2022ರಲ್ಲಿ. ಆ ಮಳೆಗಾಲದಲ್ಲಿಯೇ ಕೊಟ್ಟಿಗೆಯ ಮಾಡು ಕುಸಿಯಿತು. ಗುಜರಿಯವನು ಗಾಡಿಯನ್ನು 3,500 ರೂಪಾಯಿಗೆ ಕೇಳಿದ. ದೊಡ್ಡಪ್ಪ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ದೊಡ್ಡಮ್ಮ ಮಾರಲು ಒಪ್ಪಲಿಲ್ಲ. ಲಗೇಜ್ ಆಟೋದಲ್ಲಿ ಹಾಕಿಸಿ ಹಿರಿಯೂರಿನ ನನ್ನ ಮನೆಗೆ ತಂದೆ.

ತಂದ ದಿನ ನಾನು ಮಾಡಿದ ಕೆಲಸವನ್ನು ತಾವು ಮಾಡಬಾರದು. ಕಿಕ್ಕರಿನ ಮೇಲೆ ನಿಂತು ಮೈಭಾರವನ್ನೆಲ್ಲ ಬಿಟ್ಟು ತುಳಿದೆ. ಕಲ್ಲು ತುಳಿದಂತಾಯಿತು. ಚಿತ್ರದುರ್ಗದಲ್ಲಿ ಬಹುಕಾಲದಿಂದ ಇಂಥ ಗಾಡಿಗಳನ್ನೇ ರಿಪೇರಿ ಮಾಡಿಕೊಂಡು ಬಂದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದರೆ ಅವರ ಮೊದಲ ಮಾತು, "ಕಾಲು ತೆಗೀರಿ ಸಾರ್. ಒಳಗಿನ ಹಲ್ಲು ಮುರಿದ್ರೆ ಅದಕ್ಕೇ ಬೇರೆ ಖರ್ಚು ಬರ್ತದೆ."

ಸೀಜ್ ಆಗುವುದೆಂದರೆ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುವುದು. ನಿಂತ ಎಂಜಿನ್ನು ತುಕ್ಕಿನಿಂದ ಕಚ್ಚಿಕೊಳ್ಳುತ್ತದೆ, ಓಡುವ ಎಂಜಿನ್ನು ಎಣ್ಣೆಯಿಲ್ಲದೆ ಕಾದು ಕಚ್ಚಿಕೊಳ್ಳುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ತಿಳಿಯಬೇಕು. ಯೆಜ್ಡಿಯ ಸಿಲಿಂಡರು ಎರಕದ ಕಬ್ಬಿಣದ್ದು, ಪಿಸ್ಟನ್ನು ಅಲ್ಯೂಮಿನಿಯಂನದು, ಪಿಸ್ಟನ್ನಿನ ಮೇಲಿನ ರಿಂಗುಗಳು ಮತ್ತೆ ಕಬ್ಬಿಣದವು. ತೇವ ತಾಗಿದರೆ ರಿಂಗು ಮತ್ತು ಸಿಲಿಂಡರು ತುಕ್ಕು ಹಿಡಿದು ಬೆಸೆದಂತಾಗುತ್ತವೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೋಗುವುದಕ್ಕೆ ವಾಲ್ವಿಲ್ಲ, ಸಿಲಿಂಡರಿನ ಗೋಡೆಯಲ್ಲಿಯೇ ಕಿಂಡಿ ಇರುತ್ತದೆ. ಪಿಸ್ಟನ್ನು ಕೆಳಗೆ ನಿಂತಿದ್ದರೆ ಸೈಲೆನ್ಸರಿನ ದಾರಿಯಿಂದ ಮಳೆಗಾಲದ ತೇವವೆಲ್ಲ ನೇರವಾಗಿ ಒಳಕ್ಕೆ. ನಮ್ಮ ಗಾಡಿಯ ಒಂದು ಸೈಲೆನ್ಸರಿನ ಬಾಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಇನ್ನೊಂದು ಬಾಯಿ ತೆರೆದೇ ಇತ್ತು.

ಎರಡನೆಯದು ಕಾವಿನ ಮಾತು. ಅಲ್ಯೂಮಿನಿಯಂ ಕಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಡುವೆ ಎಣ್ಣೆಯ ಪದರವಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಪಿಸ್ಟನ್ನು ಹಿಗ್ಗಿ, ಗೋಡೆಗೆ ಉಜ್ಜಿ, ಅದರ ಲೋಹವೇ ಗೋಡೆಗೆ ಮೆತ್ತಿಕೊಳ್ಳುತ್ತದೆ.

ಹಿರಿಯರು ಒಂದು ಭಾನುವಾರ ಹಿರಿಯೂರಿಗೆ ಬಂದು ಪ್ಲಗ್ ಬಿಚ್ಚಿ, ಹೆಡ್ ತೆಗೆದು ನೋಡಿದರು. ಗೋಡೆಯ ತುಂಬ ಕೆಂಪು ತುಕ್ಕು. ಅರ್ಧ ಡೀಸೆಲ್, ಅರ್ಧ ಎಂಜಿನ್ ಆಯಿಲ್ ಬೆರೆಸಿ ಪಿಸ್ಟನ್ನಿನ ಮೇಲೆ ಹೊಯ್ದು ಹೋದರು. ಹಿಂದೆ ಇದಕ್ಕೆ ಸೀಮೆಎಣ್ಣೆ ಬಳಸುತ್ತಿದ್ದರು, ಈಗ ಅದು ಸಿಗುವುದೇ ಕಷ್ಟ. ಬೆಳಗ್ಗೆ ಎದ್ದು ನೋಡಿದರೆ ಒಂದು ತೊಟ್ಟೂ ಇಲ್ಲ. ಕಿಂಡಿ ತೆರೆದಿದ್ದರಿಂದ ಎಲ್ಲವೂ ಸೈಲೆನ್ಸರಿಗೆ ಹರಿದುಹೋಗಿತ್ತು. ಆಮೇಲೆ ಎರಡೂ ಸೈಲೆನ್ಸರುಗಳನ್ನು ಬಿಚ್ಚಿ, ಕಿಂಡಿಯ ಬಾಯಿಗಳಿಗೆ ಹಳೆಯ ಸೈಕಲ್ ಟ್ಯೂಬಿನ ರಬ್ಬರು ಬಿಗಿದು, ದಿನವೂ ಎಣ್ಣೆ ತುಂಬುತ್ತಾ ಬಂದೆ. ಸಂಜೆ ಕೆಲಸದಿಂದ ಬಂದ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸಿಲಿಂಡರಿನ ಹೊರಮೈಗೆ ಸುತ್ತುವುದು, ಗಾಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲುಗಿಸುವುದು. ಸುತ್ತಿಗೆ ಮುಟ್ಟಕೂಡದೆಂದು ಕಟ್ಟಪ್ಪಣೆಯಾಗಿತ್ತು. ಅಕ್ಕಪಕ್ಕದವರು ನಕ್ಕರು. ಹದಿನೆಂಟನೆಯ ದಿನ ಚಕ್ರ ಒಂದು ಕೂದಲೆಳೆಯಷ್ಟು ಅಲುಗಿತು. ಮಾರನೆಯ ದಿನ ಬೆರಳಿನಷ್ಟು.

ಬಳಿಕ ಹಿರಿಯರೇ ಬಂದು ಬ್ಲಾಕನ್ನು ಎತ್ತಿದರು, ತಿರುಗಿಸದೆ ನೇರವಾಗಿ ಮೇಲಕ್ಕೆ. ರಿಂಗಿನ ತುದಿಗಳು ಕಿಂಡಿಗೆ ಸಿಕ್ಕಿಕೊಳ್ಳಬಾರದೆಂದು ಅವನ್ನು ಸಣ್ಣ ಮೊಳೆಯ ಆಧಾರದಿಂದ ಒಂದೇ ಜಾಗದಲ್ಲಿ ನಿಲ್ಲಿಸಿರುತ್ತಾರೆ. ಬ್ಲಾಕನ್ನು ತಿರುಗಿಸುತ್ತಾ ಎಳೆದರೆ ತುದಿ ಕಿಂಡಿಗೆ ಬಿದ್ದು ರಿಂಗು ಮುರಿಯುತ್ತದೆ. ಪಿಸ್ಟನ್ನನ್ನು ಒರೆಸಿ ಬೆಳಕಿಗೆ ಹಿಡಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಬರೀ ತುಕ್ಕಿನ ಕೆಲಸ ಅಲ್ಲ ಸಾರ್. ಗಾಡಿ ಮೂಲೆಗೆ ಬೀಳೋಕೆ ಮುಂಚೆ ಯಾರೋ ಎಣ್ಣೆ ಇಲ್ದೆ ಓಡ್ಸಿದಾರೆ" ಎಂದರು. ಸೈಲೆನ್ಸರಿನ ಕಡೆಯ ಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಉಗುರಿನಿಂದ ಗೀರಿದಂತೆ ಗೀರುಗಳು. ಗೋಡೆಯಲ್ಲಿ ಅಲ್ಯೂಮಿನಿಯಂ ಮೆತ್ತಿದ ಗುರುತು.

ಆ ಯಾರೋ ನಾನೇ. 1998ರಲ್ಲಿ ಕಾಲೇಜಿನ ರಜೆಗೆ ಬಂದಿದ್ದಾಗ ಗಾಡಿ ತೆಗೆದುಕೊಂಡು ಚಿತ್ರದುರ್ಗಕ್ಕೆ ಹೋಗಿದ್ದೆ. ಹಿಂದಿರುಗುವಾಗ ಪೆಟ್ರೋಲ್ ಬಂಕಿನ ಹುಡುಗ "ಆಯಿಲ್ ಹಾಕಲಾ?" ಎಂದು ಕೇಳಿದ. ಬೇಡವೆಂದೆ. ದೊಡ್ಡಪ್ಪ ಕೊಟ್ಟ ಆಯಿಲಿನ ದುಡ್ಡು ಆಗಲೇ ಹೋಟೆಲಿನಲ್ಲಿ ಖರ್ಚಾಗಿತ್ತು. ಹೊಳಲ್ಕೆರೆಯ ದಾರಿಯಲ್ಲಿ, ಏರಿನಲ್ಲಿ, ಗಾಡಿ ಕಿರುಗುಟ್ಟಿ ಹಿಂದಿನ ಚಕ್ರ ಹಿಡಿದು ನಿಂತಿತು. ತಣ್ಣಗಾದ ಮೇಲೆ ಹೇಗೋ ಊರು ಮುಟ್ಟಿಸಿದೆ. ಆಮೇಲೆ ಅದು ಸರಿಯಾಗಿ ಎಳೆಯಲೇ ಇಲ್ಲ. ಕೇಳಿದವರಿಗೆ ದೊಡ್ಡಪ್ಪ, ಹಳೇ ಗಾಡಿ, ಆಯಸ್ಸು ಮುಗೀತು ಎಂದು ಹೇಳಿ ಸುಮ್ಮನಾದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಮುಂದಿನದು ಲೇತ್ ಕೆಲಸ, ಬೇಗ ಹೇಳುತ್ತೇನೆ. ಸಿಲಿಂಡರನ್ನು ಕಾಲು ಮಿಲಿಮೀಟರ್ ಕೊರೆದರೂ ಗೀರು ಹೋಗಲಿಲ್ಲ. ಅರ್ಧ ಮಿಲಿಮೀಟರಿಗೆ ಹೋಯಿತು. ಅದಕ್ಕೆ ತಕ್ಕ ಅಳತೆಯ ಪಿಸ್ಟನ್ ಹಾಕಿಸಿದೆವು. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿದ್ದವು. ಇವನ್ನು ಬದಲಾಯಿಸದೆ ಬಿಡುವವರು ಬಹಳ. ಸೀಲು ಹೋದರೆ ಅಲ್ಲಿಂದ ಗಾಳಿ ನುಗ್ಗಿ ಪೆಟ್ರೋಲಿನ ಅಂಶ ಕಡಿಮೆಯಾಗುತ್ತದೆ, ಎಂಜಿನ್ನು ಮಿತಿಮೀರಿ ಕಾಯುತ್ತದೆ, ಹೊಸ ಪಿಸ್ಟನ್ನೂ ತಿಂಗಳೊಳಗೆ ಕಚ್ಚಿಕೊಳ್ಳುತ್ತದೆ. ಕಾರ್ಬುರೇಟರ್ ತೊಳೆದು, ಪಾಯಿಂಟುಗಳ ಕಿಲುಬು ಉಜ್ಜಿ, ಕಂಡೆನ್ಸರ್ ಹೊಸದು ಹಾಕಿದ್ದಾಯಿತು. ಟಯರು ಬಿಟ್ಟು ಒಟ್ಟು 12,000 ರೂಪಾಯಿ ಹಿಡಿಯಿತು. ಇದು ಲಾಭದ ಕೆಲಸವೆಂದು ನಾನು ಹೇಳಲಾರೆ. ಹಳೆಯ ಟೂ ಸ್ಟ್ರೋಕ್ ಗಾಡಿ ಹೊಗೆ ಕಾರುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ದಿನದ ಓಡಾಟಕ್ಕೆ ತಾವು ಅದನ್ನು ನೆಚ್ಚಿಕೊಳ್ಳಬೇಕಾಗಿಲ್ಲ.

ನೋಂದಣಿ ಪುಸ್ತಕದ ಅವಧಿ ಎಂದೋ ಮುಗಿದಿದ್ದರಿಂದ ಗಾಡಿಯನ್ನು ರಸ್ತೆಗೆ ಇಳಿಸದೆ ಮತ್ತೆ ಲಗೇಜ್ ಆಟೋದಲ್ಲಿಯೇ ಊರಿಗೆ ಒಯ್ದು, ಮನೆಯ ಅಂಗಳದಲ್ಲಿ ಕಿಕ್ ಹೊಡೆದೆ. ಏಳನೆಯದಕ್ಕೆ ಹಿಡಿಯಿತು. ಅಂಗಳದ ತುಂಬ ನೀಲಿ ಹೊಗೆ. ದೊಡ್ಡಮ್ಮ ಪಡಸಾಲೆಯಿಂದ ಹೊರಬಂದು, ಕಂಬ ಹಿಡಿದು ನಿಂತು, ಸದ್ದನ್ನು ಸ್ವಲ್ಪ ಹೊತ್ತು ಕೇಳಿ, "ಈ ಸರ್ತಿ ಎಣ್ಣೆ ಹಾಕ್ಸಿದೀಯೇನಪ್ಪಾ?" ಎಂದರು.

ಈಗ ತಮ್ಮ ತೋಟದ ಯಂತ್ರಕ್ಕೆ ಬರೋಣ. ಟ್ರ್ಯಾಕ್ಟರಿನಲ್ಲಿ, ಡೀಸೆಲ್ ಪಂಪ್‌ಸೆಟ್ಟಿನಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿ ಬೇರೆಯಾಗಿಯೇ ನಿಂತಿರುತ್ತದೆ. ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿನಲ್ಲಿ ಹಾಗಿಲ್ಲ. ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕಿನ ಕೋಣೆಗೇ ಬರುತ್ತವೆ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಬೇರಿಂಗು, ರಾಡು, ಪಿಸ್ಟನ್ನುಗಳಿಗೆ ಕೀಲೆಣ್ಣೆಯಾಗಿ, ಕೊನೆಗೆ ಉರಿದುಹೋಗುತ್ತದೆ. ಪೆಟ್ರೋಲಿನಲ್ಲಿ ಎಣ್ಣೆ ಇಲ್ಲವೆಂದರೆ ಎಂಜಿನ್ನಿನಲ್ಲಿಯೇ ಎಣ್ಣೆ ಇಲ್ಲ. ತಾವು ಕೊಳ್ಳುವ ಕಳೆ ಕತ್ತರಿಸುವ ಯಂತ್ರಗಳಲ್ಲಿ, ಬೆನ್ನಿಗೆ ಹೊರುವ ಪವರ್ ಸ್ಪ್ರೇಯರುಗಳಲ್ಲಿ, ಮರ ಕೊಯ್ಯುವ ಗರಗಸಗಳಲ್ಲಿ ಬಹುಪಾಲು ಈ ಬಗೆಯ ಎಂಜಿನ್ನೇ ಇರುವುದು. ಹಿಂದೆ ಊರಿನಲ್ಲಿ ಜಾವಾ, ಯೆಜ್ಡಿ, ರಾಜದೂತ್, ಲ್ಯಾಂಬ್ರೆಟಾ ಯಾವುದಾದರೊಂದು ಇರುತ್ತಿತ್ತು. ಎಣ್ಣೆ ಬೆರೆಸುವ ಲೆಕ್ಕ ಹೈಸ್ಕೂಲು ಹುಡುಗರಿಗೂ ಗೊತ್ತಿತ್ತು. ಬಂಕಿನಲ್ಲೇ ಬೆರೆಸಿ ಕೊಡುತ್ತಿದ್ದರು. ಆ ಗಾಡಿಗಳು ಹೋದವು, ಅವುಗಳ ಜೊತೆಯಲ್ಲಿ ಲೆಕ್ಕವೂ ಹೋಯಿತು. ಈಗ ಅದೇ ಎಂಜಿನ್ನು ಬೇರೆ ವೇಷದಲ್ಲಿ ತೋಟಕ್ಕೆ ಬಂದಿದೆ, ಅದರ ಕೈಪಿಡಿ ಪೆಟ್ಟಿಗೆಯಲ್ಲಿಯೇ ಉಳಿದಿದೆ.

ಇದರಲ್ಲಿ ನಮ್ಮ ತಪ್ಪೂ ಇದೆ. ಅಡಿಕೆ ತೋಟದಲ್ಲಿ ಉಳುಮೆ ಮಾಡಿ ಮೇಲ್ಬೇರು ಹರಿಯುವ ಬದಲು ಕಳೆಯನ್ನು ಯಂತ್ರದಿಂದ ಕತ್ತರಿಸಿ ಅಲ್ಲಿಯೇ ಮುಚ್ಚಿಗೆಯಾಗಿ ಬಿಡಿರಿ, ನಮ್ಮಂಥ ಕಡಿಮೆ ಮಳೆಯ ಸೀಮೆಯಲ್ಲಿ ತೇವ ಉಳಿಯುತ್ತದೆ ಎಂದು ನಾನು ಕರಪತ್ರ ಬರೆದಿದ್ದೇನೆ, ಭಾಷಣವನ್ನೂ ಮಾಡಿದ್ದೇನೆ. ಆ ಸಲಹೆ ಈಗಲೂ ಸರಿಯೆ. ಆದರೆ ಎಣ್ಣೆಯ ವಿಷಯದಲ್ಲಿ ಅದರಲ್ಲಿ ಒಂದಕ್ಷರವಿರಲಿಲ್ಲ. ಹೊಸದುರ್ಗದ ಕಡೆಯ ರೈತರೊಬ್ಬರು ನನ್ನ ಮಾತು ಕೇಳಿ ಯಂತ್ರ ಕೊಂಡು, ಅದು ಕೆಟ್ಟಿತೆಂದು ಇನ್ನೊಂದು ಕೊಂಡು, ಎರಡನ್ನೂ ತೂಕಕ್ಕೆ ಹಾಕಿದ್ದರು. "ಪೆಟ್ರೋಲು ಒಳ್ಳೇದೇ ಹಾಕಿದ್ವಿ ಸಾರ್" ಎಂದರು. ಅವರಿಗೆ ಉತ್ತರ ಕೊಡಲು ನನ್ನಲ್ಲಿ ಮುಖವಿರಲಿಲ್ಲ. ಸಹಾಯಧನದಲ್ಲಿ ಕೊಡುವ ಪ್ರತಿ ಯಂತ್ರದ ಜೊತೆಗೆ ಒಂದು ಅಳತೆಯ ಬಾಟಲಿಯನ್ನೂ ಒಂದು ಗಂಟೆಯ ಪಾಠವನ್ನೂ ಕಡ್ಡಾಯ ಮಾಡಬೇಕು. ನಮ್ಮ ಪ್ರಾತ್ಯಕ್ಷಿಕೆಗಳಲ್ಲಿ ಯಂತ್ರ ಓಡಿಸಿ ತೋರಿಸುವುದಕ್ಕಿಂತ ಮೊದಲು ಪೆಟ್ರೋಲು ಬೆರೆಸಿ ತೋರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಬಹಳ ಸುಲಭ. ಕೈಪಿಡಿಯಲ್ಲಿ 1:25 ಎಂದಿದ್ದರೆ ಲೀಟರಿಗೆ 40 ಮಿಲಿ, 1:40 ಎಂದಿದ್ದರೆ 25 ಮಿಲಿ, 1:50 ಎಂದಿದ್ದರೆ 20 ಮಿಲಿ. ಯಾವುದೆಂಬುದನ್ನು ತಮ್ಮ ಯಂತ್ರದ ಕೈಪಿಡಿಯೇ ಹೇಳಬೇಕು, ಪಕ್ಕದ ತೋಟದವರಲ್ಲ. ಟೂ ಸ್ಟ್ರೋಕ್‌ಗೆಂದೇ ಮಾರುವ 2ಟಿ ಎಣ್ಣೆಯನ್ನೇ ಬಳಸಬೇಕು. ಟ್ರ್ಯಾಕ್ಟರಿನ ಎಣ್ಣೆ ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ. ಬೇರೆ ಡಬ್ಬಿಯಲ್ಲಿ ಚೆನ್ನಾಗಿ ಅಲುಗಾಡಿಸಿ ಬೆರೆಸಿ ಆಮೇಲೆ ಟ್ಯಾಂಕಿಗೆ ಹಾಕತಕ್ಕದ್ದು. ಆ ಡಬ್ಬಿಗೆ ಕೆಂಪು ಬಣ್ಣ ಬಳಿದಿಡಿ. ಕೂಲಿಗೆ ಬಂದವರು ಬೈಕಿನ ಪೆಟ್ರೋಲನ್ನೇ ಹಿಂಡಿ ಹಾಕುವುದುಂಟು. ಯಂತ್ರ ನಾಲ್ಕಾರು ಜನರ ಕೈಗೆ ಹೋಗುವುದಾದರೆ ಹೆಚ್ಚು ಬೆಲೆ, ಹೆಚ್ಚು ತೂಕವಾದರೂ ಫೋರ್ ಸ್ಟ್ರೋಕ್ ಯಂತ್ರವನ್ನೇ ಕೊಳ್ಳುವುದು ಮೇಲು.

ಇನ್ನೊಂದು ಹೊಸ ತೊಡಕಿದೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು; ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ನಾವು ಬೆಳೆಯುವ ಮೆಕ್ಕೆಜೋಳದಿಂದಲೂ ಎಥನಾಲ್ ತೆಗೆಯುವುದರಿಂದ ಅದನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಎಥನಾಲ್ ನೀರನ್ನು ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ತಾವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಯಂತ್ರ ಮೊದಲು ಹೀರುವುದು ತಳದ್ದನ್ನು. ಲೆಕ್ಕ ಸರಿಯಾಗಿ ಹಾಕಿಯೂ ಎಂಜಿನ್ನು ಕೆಡುವುದು ಹೀಗೆ. ಆದ್ದರಿಂದ ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ, ಕೆಲಸ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿ ನಿಲ್ಲಿಸಬೇಕು.

ತಮ್ಮ ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಈಗಾಗಲೇ ಕಚ್ಚಿಕೊಂಡ ಯಂತ್ರವಿದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ಪ್ಲಗ್ ಬಿಚ್ಚಿ, ಎಂಜಿನ್ನನ್ನು ಎಣ್ಣೆ ಹರಿದುಹೋಗದಂತೆ ಓರೆಮಾಡಿ ಇಟ್ಟು, ಎರಡು ಚಮಚ ಡೀಸೆಲ್ ಮತ್ತು ಎಣ್ಣೆ ಬಿಟ್ಟು ಒಂದು ವಾರ ಬಿಡಿ. ಹಗ್ಗವನ್ನು ಜಗ್ಗಬೇಡಿ. ಎಂಟನೆಯ ದಿನ ಕೈಯಿಂದ ಮೆಲ್ಲಗೆ ಅಲುಗಿಸಿ ನೋಡಿ. ಅಲುಗಿದರೆ ಹಾಗೆಯೇ ಮೆಕ್ಯಾನಿಕ್ಕರ ಬಳಿಗೆ ಒಯ್ದು, ಸಿಲಿಂಡರಿನ ಗೋಡೆಯಲ್ಲಿ ಗೀರು ಬಿದ್ದಿದೆಯೇ, ಬರೀ ತುಕ್ಕೇ ಎಂದು ನೋಡಿಸಿರಿ.