ಬಾಲ್ಕನಿಯ ಮರಪ್ರೇಮಿಗಳು

ನನ್ನ ಮೊದಲ ಫಿಲೊಡೆಂಡ್ರಾನ್ ಸತ್ತಿದ್ದು ಆರೇ ವಾರಕ್ಕೆ. ಕುಂಡಕ್ಕೆ ಅಂಟಿಸಿದ್ದ ಚೀಟಿ ಮಾತ್ರ ಇನ್ನೂ ಹೊಸದರ ಹಾಗೇ ಇತ್ತು. ಅದರ ಮೇಲೆ ಎರಡು ಮಾತು: ‘ಲೋ ಮೇಂಟೆನೆನ್ಸ್’, ‘ಏರ್ ಪ್ಯೂರಿಫೈಯಿಂಗ್’. ಎರಡನ್ನೂ ನಂಬಿಯೇ ನಾನು ಅದನ್ನು ಕೊಂಡಿದ್ದೆ. ನೀವೂ ಹಾಗೇ ಕೊಂಡಿರುತ್ತೀರಿ. ಇವತ್ತು ನನ್ನ ಜಗಳ ಆ ಎರಡು ಮಾತಿನ ಮೇಲೆ.

ಮೊದಲನೆಯದನ್ನೇ ತಗೊಳ್ಳಿ. ಆಫೀಸಿನಲ್ಲಿ ಗಿಡ ತರಬೇಕು ಅಂದುಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: “ನೋಡ್ಕೊಳ್ಳದೇ ಇದ್ರೂ ಬದುಕೋ ಗಿಡ ಯಾವ್ದಿದೆ?” ನಾಯಿಮರಿ ತರುವಾಗ ಯಾರಾದರೂ ಹೀಗೆ ಕೇಳ್ತಾರಾ? ಗಿಡ ಬೊಗಳಲ್ಲ, ಹಸಿವಾದರೆ ಕಾಲು ಸುತ್ತಲ್ಲ. ಅಷ್ಟಕ್ಕೇ ಅದು ಫರ್ನಿಚರ್ ಲೆಕ್ಕಕ್ಕೆ ಬಂದುಬಿಡ್ತು. ಸೋಫಾಗೆ ಮ್ಯಾಚ್ ಆಗೋ ಬಿಳಿ ಪಿಂಗಾಣಿ ಕುಂಡ, ಟಿವಿ ಪಕ್ಕದ ಕತ್ತಲೆ ಮೂಲೆ, ಒಂದು ಫೋಟೊ. ಮುಗೀತು.

ನಾನು ಅದನ್ನು ಒಣಗಿಸಿ ಕೊಂದೆ ಅಂದುಕೊಂಡಿರಾ? ಇಲ್ಲ, ಮುಳುಗಿಸಿ ಕೊಂದೆ. ಫೋನಿನಲ್ಲಿ ರಿಮೈಂಡರ್ ಇಟ್ಟಿದ್ದೆ: ಸೋಮವಾರ, ಬುಧವಾರ, ಶುಕ್ರವಾರ, ಬೆಳಗಿನ ಕಾಲ್‌ಗೆ ಮುಂಚೆ ಒಂದೊಂದು ಲೋಟ ನೀರು. ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ, ಕುಂಡದ ಮಣ್ಣು ಒಣಗುವ ಮಾತೇ ಇಲ್ಲ. ರಿಮೈಂಡರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಎಲೆ ಹಳದಿಯಾದಾಗ ನೀರು ಸಾಲದೇನೋ ಅಂತ ಇನ್ನೊಂದು ಲೋಟ ಸುರಿದೆ. ಆ ಚೆಂದದ ಕುಂಡದ ಅಡಿಯಲ್ಲಿ ತೂತೇ ಇರಲಿಲ್ಲ.

ಎರಡನೇ ಗಿಡ ತಂದಾಗ ಸಾಗರದಿಂದ ಅಮ್ಮ ಬಂದಿದ್ದಳು. ಎಲೆ ಮುಟ್ಟಿ ನೋಡಿ, “ಇದು ಕೆಸುವಿನ ಜಾತಿಯಲ್ಲವೇನೇ?” ಅಂದಳು. ಹೌದು. ಕೆಸು, ಸುವರ್ಣಗೆಡ್ಡೆ, ಮನಿಪ್ಲಾಂಟ್, ಫಿಲೊಡೆಂಡ್ರಾನ್ ಎಲ್ಲ ಒಂದೇ ಕುಟುಂಬ. ಹಸಿ ಕೆಸು ತಿಂದರೆ ಬಾಯಿ ತುರಿಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇದರಲ್ಲೂ ಇವೆ. ಮನೆಯಲ್ಲಿ ಮಗುವೋ ಬೆಕ್ಕೋ ಇದ್ದರೆ ಕೈಗೆಟುಕದ ಹಾಗೆ ಇಡಬೇಕು. ನನ್ನ ಚೀಟಿಯಲ್ಲಿ ಈ ಮಾತು ಇರಲೇ ಇಲ್ಲ. ಆಮೇಲೆ ಅಮ್ಮ ತೋರುಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ ಬೈದಳು: “ಮರ ಹತ್ತೋ ಬಳ್ಳಿ ಅಂತೀಯ. ಕಾಳುಮೆಣಸಿನ ಬಳ್ಳಿ ಬುಡದಲ್ಲಿ ಯಾರಾದ್ರೂ ನೀರು ನಿಲ್ಲಿಸ್ತಾರೇನೇ? ಬೇರು ಕೊಳೆಯಲ್ವಾ?”

ವಿದ್ಯೆ ಅಷ್ಟೇ. ಬೇರಿಗೆ ನೀರೂ ಬೇಕು, ಗಾಳಿಯೂ ಬೇಕು. ಬೆರಳಿಗೆ ತೇವ ತಗುಲಿದರೆ ಲೋಟ ಕೆಳಗಿಡಿ. ಮೇಲಿನ ಒಂದಂಗುಲ ಒಣಗಿದ್ದರೆ ಅಡಿ ತೂತಿನಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಹತ್ತು ಸೆಕೆಂಡಿನ ಕೆಲಸ. ಆದರೆ ಆ ಹತ್ತು ಸೆಕೆಂಡು ನೀವು ಗಿಡದ ಮುಂದೆ ನಿಂತಿರಬೇಕು, ಅದನ್ನು ನೋಡಬೇಕು. ‘ಲೋ ಮೇಂಟೆನೆನ್ಸ್’ ಅನ್ನೋ ಮಾತು ನಮಗೆ ತಪ್ಪಿಸಿಬಿಟ್ಟಿದ್ದು ಇದೇ ನೋಟವನ್ನು.

ಇನ್ನು ಎರಡನೇ ಮಾತು, ಗಾಳಿ ಶುದ್ಧಿ. ಇದರ ಮೂಲ 1989ರ ಒಂದು ನಾಸಾ ವರದಿ. ಬಿ. ಸಿ. ವುಲ್ವರ್ಟನ್ ಮತ್ತು ಸಂಗಡಿಗರು ಗಿಡಗಳನ್ನು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲಗಳು ಎಷ್ಟು ಕಡಿಮೆಯಾಗುತ್ತವೆ ಅಂತ ಅಳೆದರು. ಕಡಿಮೆಯಾದವು, ನಿಜ. ಆದರೆ ನೀವೇನು ಮುಚ್ಚಿದ ಪೆಟ್ಟಿಗೆಯೊಳಗಿದ್ದೀರಾ? 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಕಟ್ಟಡದೊಳಗೆ ತಾನಾಗಿಯೇ ಆಗುವ ಗಾಳಿಯ ಓಡಾಟದಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ನನ್ನ ಹಾಲ್ 15 ಚದರ ಮೀಟರ್. ಕಡಿಮೆ ಅಂದರೂ 150 ಗಿಡ. ನಾನೆಲ್ಲಿ ಕೂರಲಿ? ಅದರ ಬದಲು ಕಿಟಕಿ ತೆಗೆದರೆ ಆಯ್ತಲ್ಲ.

ಆ ಕಿಟಕಿಯ ಕತೆಯನ್ನೇ ಹೇಳಬೇಕು.

ನನ್ನದು ಎರಡನೇ ಮಹಡಿ, ಪಶ್ಚಿಮದ ಕಿಟಕಿ. ಎದುರಿಗೇ ಕಾಂಪೌಂಡಿನೊಳಗೆ ಒಂದು ಹೊಂಗೆ ಮರ. ಅಮ್ಮ ಆ ಎರಡನೇ ಗಿಡವನ್ನು ಟಿವಿ ಮೂಲೆಯಿಂದ ಬಿಡಿಸಿ ಅಲ್ಲಿಗೆ ತಂದಿಟ್ಟಳು. “ಮರದಡಿಯ ಗಿಡಕ್ಕೆ ನೆರಳು ಬೇಕು, ಕತ್ತಲೆ ಅಲ್ಲ.” ಗ್ರೀಕಿನಲ್ಲಿ ಫಿಲೊ ಅಂದರೆ ಪ್ರೀತಿ, ಡೆಂಡ್ರಾನ್ ಅಂದರೆ ಮರ. ಅಮೆರಿಕ ಖಂಡದ ಉಷ್ಣವಲಯದ ಕಾಡುಗಳಲ್ಲಿ ಮರವನ್ನು ಅಪ್ಪಿ ಮೇಲೇರುವ ಬಳ್ಳಿಗೆ ಸರಿಯಾದ ಹೆಸರು. ಹೊಂಗೆಯ ಎಲೆಗಳ ನಡುವೆ ಸೋಸಿ ಬರುತ್ತಿದ್ದ ಬೆಳಕಿಗೆ ಅದು ಚಿಗುರಿತು. ತೆಂಗಿನ ನಾರು ಸುತ್ತಿದ ಕೋಲು ಕೊಟ್ಟೆ, ಬೇರು ಚಾಚಿ ಹಿಡಿದುಕೊಂಡಿತು. ನನ್ನ ಕೈಗುಣ ಅಂತ ಎಲ್ಲರಿಗೂ ಫೋಟೊ ಕಳಿಸಿದೆ.

ಹೋದ ವರ್ಷ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಬಂತು. ಹೊಂಗೆ ಹೂವು ಉದುರಿ ಕಾರುಗಳು ಗಲೀಜಾಗುತ್ತಿವೆ, ಮರ ತೆಗೆಸಿದರೆ ಇನ್ನೆರಡು ಪಾರ್ಕಿಂಗ್ ಸಿಗುತ್ತೆ, ಒಪ್ಪಿಗೆ ಇರುವವರು ಥಂಬ್ಸ್ ಅಪ್ ಹಾಕಿ. ನಾನು ಮೀಟಿಂಗಿನಲ್ಲಿದ್ದೆ. ಪೂರ್ತಿ ಓದದೇ ಹಾಕಿದೆ.

ಒಂದು ಶನಿವಾರ ಮರ ಹೋಯ್ತು. ಮಾರನೇ ವಾರ ಮಧ್ಯಾಹ್ನ ಮೂರು ಗಂಟೆಯ ಬಿಸಿಲು ನೇರ ಕಿಟಕಿಗೇ ಬಂತು. ನನ್ನ ಗಿಡದ ಮೂರು ಎಲೆಗಳ ಮೇಲೆ ಕಂದು ಮಚ್ಚೆ ಎದ್ದು ಕಾಗದದ ಹಾಗೆ ಒಣಗಿದವು. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ. ಹೊಂಗೆ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ನಾನು ದುಡ್ಡು ಕೊಟ್ಟು ತೆಳು ಪರದೆ ತರಿಸಿದೆ. ಸೆಖೆ ತಡೆಯಲಾರದೆ ಫ್ಯಾನಿನ ಸ್ಪೀಡೂ ಏರಿಸಿದೆ. ಅದೇ ಗ್ರೂಪಿನಲ್ಲಿ ಆ ತಿಂಗಳೇ ಇನ್ನೊಂದು ಮೆಸೇಜು: “ಏರ್ ಪ್ಯೂರಿಫೈಯಿಂಗ್ ಪ್ಲಾಂಟ್ಸ್ ಬಲ್ಕ್ ಆರ್ಡರ್, ಯಾರಿಗೆಲ್ಲ ಬೇಕು?” ಮತ್ತೆ ಸಾಲು ಸಾಲು ಥಂಬ್ಸ್ ಅಪ್.

“ಅಯ್ಯೋ, ಬಾಡಿಗೆ ಮನೇಲಿ ಒಂದು ಗಿಡ ಇಟ್ಕೊಂಡ್ರೂ ತಪ್ಪಾ ಮೇಡಂ?” ಅಂತ ಕೇಳ್ತೀರಿ. ಖಂಡಿತ ತಪ್ಪಲ್ಲ. ಚೆಂದ ಕಾಣುತ್ತೆ ಅನ್ನೋದೇ ಸಾಕಷ್ಟು ಕಾರಣ. ಇಟ್ಕೊಳ್ಳಿ, ಬೆರಳು ಮಣ್ಣು ಮಾಡಿಕೊಳ್ಳಿ, ಬೆಳಕು ಕೊಡಿ. ಆದರೆ ಹೊರಗಿನ ಮರದ ಕೆಲಸವನ್ನು ಆ ಎಂಟಿಂಚಿನ ಕುಂಡದ ತಲೆಗೆ ಕಟ್ಟಬೇಡಿ. ಕುಂಡ ಕೊಂಡ ತೃಪ್ತಿಯಲ್ಲಿ ಮರದ ಲೆಕ್ಕ ಚುಕ್ತಾ ಆಯ್ತು ಅಂತಲೂ ಅಂದುಕೊಳ್ಳಬೇಡಿ. ನಾನು ಅಂದುಕೊಂಡಿದ್ದೆ. ಗಿಡವನ್ನು ನೋಡದೇ ನೀರು ಹಾಕಿದ್ದೂ, ಮೆಸೇಜು ಓದದೇ ಥಂಬ್ಸ್ ಅಪ್ ಹಾಕಿದ್ದೂ ಒಂದೇ ಕೈ.

ಸುಟ್ಟ ಆ ಮೂರು ಎಲೆಗಳನ್ನು ಕತ್ತರಿಸಬಹುದು, ಗಿಡಕ್ಕೇನೂ ನಷ್ಟವಿಲ್ಲ. ಇನ್ನೂ ಕತ್ತರಿಸಿಲ್ಲ. ಈಗ ಗೇಟಿನ ಪಕ್ಕದ ನೇರಳೆ ಮರದ ಸರದಿ. ಹಣ್ಣು ಬಿದ್ದು ಕಾರಿನ ಮೇಲೆ ಕಲೆಯಾಗುತ್ತಂತೆ. ಭಾನುವಾರ ಹನ್ನೊಂದಕ್ಕೆ ಮೀಟಿಂಗು. ಈ ಸಲ ನಾನೂ ಹೋಗ್ತಿದ್ದೀನಿ.